ಸ್ಪಿತಿಗೆ ಯಾವಾಗ ಹೋಗೋದು? ಮೈಸೂರು, ಮಂಡ್ಯದವರ ರಜೆಗೆ ಹೊಂದುವ ನಾಲ್ಕು ಕಾಲದ ಲೆಕ್ಕ

“ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ, ಸ್ಪಿತಿಗೆ ಹೋಗಿ ಹಾಗೇ ಚಂದ್ರತಾಲ್ ನೋಡ್ಕೊಂಡು ಮನಾಲಿ ಕಡೆಯಿಂದ ವಾಪಸ್ ಬರೋಣ ಅಂತಿದೀವಿ, ಹೇಗೆ?” ಹಿಮಾಚಲದ ಸ್ಪಿತಿ ಕಣಿವೆಯ ಬಗ್ಗೆ ಮೈಸೂರು, ಮಂಡ್ಯ ಕಡೆಯಿಂದ ಹೆಚ್ಚು ಬರುವ ಪ್ರಶ್ನೆ ಇದೇ. ಉತ್ತರ ಚಿಕ್ಕದು: ಮೇನಲ್ಲಿ ಸ್ಪಿತಿ ಸಿಗುತ್ತದೆ, ಚಂದ್ರತಾಲ್ ಕೆರೆ ಸಿಗುವುದಿಲ್ಲ, ಮನಾಲಿ ಕಡೆಯ ದಾರಿಯೂ ಬಹುತೇಕ ಮುಚ್ಚಿರುತ್ತದೆ. ನಮಗೆ ಏಪ್ರಿಲ್, ಮೇ ಅಂದರೆ ಸುಡುಬೇಸಿಗೆ. ಅಲ್ಲಿ ಅದು ಹಿಮ ಕರಗಲು ಶುರುವಾಗುವ ಹೊತ್ತು. ಅವರ ಬೇಸಿಗೆ ಬರುವಷ್ಟರಲ್ಲಿ ನಮ್ಮ ಶಾಲೆಗಳು ತೆರೆದು ಪುಸ್ತಕಕ್ಕೆ ಬೈಂಡ್ ಹಾಕಿ ಆಗಿರುತ್ತದೆ.

ಆದ್ದರಿಂದ ಇಲ್ಲಿಂದ ಹೊರಡುವವರು “ಯಾವ ಕಾಲ ಚೆಂದ” ಎಂದು ಕೇಳಿ ಪ್ರಯೋಜನವಿಲ್ಲ, ನಾಲ್ಕೂ ಚೆಂದವೇ. ನಿಮ್ಮ ರಜೆ, ನಿಮ್ಮ ಜೊತೆ ಬರುವವರ ವಯಸ್ಸು, ನಿಮ್ಮ ದುಡ್ಡು, ಆ ಹೊತ್ತಿಗೆ ತೆರೆದಿರುವ ದಾರಿ ಈ ನಾಲ್ಕೂ ಎಲ್ಲಿ ಕೂಡುತ್ತವೆ ಎಂದು ನೋಡಬೇಕು.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮೊದಲು ದಾರಿ. ಸ್ಪಿತಿ ಇರುವುದು ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯಲ್ಲಿ, ಅದರ ಮುಖ್ಯ ಊರು ಕಾಜಾ. ಕಾಜಾಗೆ ಎರಡು ದಾರಿ. ಒಂದು ಶಿಮ್ಲಾ, ರಾಂಪುರ, ರೆಕಾಂಗ್ ಪಿಯೊ, ನಾಕೊ, ಟಾಬೊ ಮೇಲೆ ಬರುವ ಕಿನ್ನೌರ್ ದಾರಿ. ಶಿಮ್ಲಾದಿಂದ 420 ಕಿ.ಮೀ. ಆಸುಪಾಸು. ಸತ್ಲಜ್ ನದಿಯ ದಂಡೆ ಹಿಡಿದು, ಖಾಬ್ ಬಳಿ ಸ್ಪಿತಿ ನದಿಯ ಕಣಿವೆಗೆ ತಿರುಗುತ್ತದೆ. ದೊಡ್ಡ ಘಾಟಿ ದಾಟುವ ಪ್ರಮೇಯ ಇಲ್ಲದ್ದರಿಂದ ವರ್ಷವಿಡೀ ತೆರೆದಿಡಲು ನೋಡುತ್ತಾರೆ. ಹಿಮ ಬಿದ್ದಾಗ ಅಥವಾ ಗುಡ್ಡ ಜರಿದಾಗ ಒಂದೆರಡು ದಿನ ನಿಲ್ಲುತ್ತದೆ, ಮತ್ತೆ ಬಿಡುತ್ತದೆ. ಇನ್ನೊಂದು ಮನಾಲಿಯಿಂದ ಅಟಲ್ ಸುರಂಗ ದಾಟಿ, ಗ್ರಾಂಫೂ, ಛತ್ರು, ಬಾತಲ್ ಮೇಲೆ ಕುಂಜುಮ್ ಘಾಟಿ ಹತ್ತಿ ಇಳಿಯುವ ದಾರಿ. ಇದು ಸುಮಾರು 200 ಕಿ.ಮೀ. ಅಷ್ಟೇ, ಆದರೆ ಎಂಟರಿಂದ ಹತ್ತು ಗಂಟೆ ತಿನ್ನುತ್ತದೆ. 2020ರ ಅಕ್ಟೋಬರಿನಲ್ಲಿ ಸುರಂಗ ತೆರೆದ ಮೇಲೆ ರೋಹ್ತಾಂಗ್ ಹತ್ತುವ ಕಷ್ಟ ತಪ್ಪಿತು. ಕುಂಜುಮ್ ಹತ್ತುವುದು ತಪ್ಪಲಿಲ್ಲ. ಸುಮಾರು 4,550 ಮೀಟರ್ ಎತ್ತರದ ಆ ಘಾಟಿ ನವೆಂಬರ್ ಹೊತ್ತಿಗೆ ಹಿಮದಲ್ಲಿ ಮುಚ್ಚಿದರೆ ಮತ್ತೆ ತೆರೆಯುವುದು ಮೇ ಕೊನೆ ಇಲ್ಲವೇ ಜೂನ್‌ನಲ್ಲಿ.

“ಈಗ ಸುರಂಗ ಇದೆಯಲ್ಲ, ವರ್ಷವಿಡೀ ಹೋಗಬಹುದು” ಎಂದು ಟೂರಿನವರು ಹೇಳಿದರೆ, ಅದು ಸುರಂಗದಾಚೆಯ ಲಾಹೌಲ್‌ನ ಮಾತು, ಸ್ಪಿತಿಯದಲ್ಲ ಎಂದು ತಿಳಿದುಕೊಳ್ಳಿ.

ಎರಡನೆಯದು ಎತ್ತರ. ಚಾಮುಂಡಿ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಸ್ವಲ್ಪ ಮೇಲೆ. ಕಾಜಾ ಅದರ ಮೂರೂವರೆ ಪಟ್ಟು. ಕೀ ಗೊಂಪಾ (ಬೌದ್ಧ ಮಠ) 4,100 ಮೀಟರ್ ದಾಟುತ್ತದೆ, ಅಂಚೆ ಕಚೇರಿಗೆ ಹೆಸರಾದ ಹಿಕ್ಕಿಮ್ 4,400, ಕೋಮಿಕ್ 4,500ರ ಮೇಲೆ. ಕಾಜಾದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಮೂರನೇ ಎರಡರಷ್ಟು. ಕಾಲ ಯಾವುದಾದರೂ ಇದು ಬದಲಾಗುವುದಿಲ್ಲ. ಆದರೆ ಯಾವ ದಾರಿಯಲ್ಲಿ ಹತ್ತುತ್ತೀರಿ ಎಂಬುದು ಮೈ ಇದಕ್ಕೆ ಹೊಂದಿಕೊಳ್ಳುವ ಬಗೆಯನ್ನು ಪೂರ್ತಿ ಬದಲಿಸುತ್ತದೆ. ಕಿನ್ನೌರ್ ದಾರಿ ಮೆಟ್ಟಿಲಿನ ಹಾಗೆ: ನಾರ್ಕಂಡ 2,700, ಕಲ್ಪಾ 2,960, ಟಾಬೊ 3,280, ಆಮೇಲೆ ಕಾಜಾ. ಮನಾಲಿ ದಾರಿ ಏಣಿಯ ಹಾಗೆ: ರಾತ್ರಿ 2,050 ಮೀಟರಿನಲ್ಲಿ ಮಲಗಿ, ಮಧ್ಯಾಹ್ನಕ್ಕೆ 4,550 ಮುಟ್ಟಿ, ಸಂಜೆ ಕಾಜಾಗೆ ಇಳಿದು, ರಾತ್ರಿಯಿಡೀ ತಲೆ ಹಿಡಿದುಕೊಂಡು ಕೂರುವುದು. ಎರಡೂ ದಾರಿ ತೆರೆದಿರುವ ಕಾಲದಲ್ಲೂ ಹೋಗುವಾಗ ಕಿನ್ನೌರ್, ಬರುವಾಗ ಮನಾಲಿ. ಇದರಲ್ಲಿ ರಾಜಿ ಬೇಡ.

ಮೂರನೆಯದು ದಿನಗಳು. ಮೈಸೂರಿನಿಂದ ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿ ಫ್ಲೈಬಸ್, ಬೆಂಗಳೂರಿನಿಂದ ಚಂಡೀಗಢಕ್ಕೆ ಸುಮಾರು ಮೂರು ಗಂಟೆಯ ನೇರ ವಿಮಾನ, ಅಲ್ಲಿಂದ ರಸ್ತೆ. ಹೀಗೆ ಹೋದರೂ ಮನೆ ಬಿಟ್ಟು ಮನೆ ಸೇರಲು ಕನಿಷ್ಠ ಹತ್ತು ದಿನ ಬೇಕು, ನೆಮ್ಮದಿಯಾಗಿ ಎಂದರೆ ಹನ್ನೆರಡು. ರೈಲಾದರೆ ಮೈಸೂರಿನಿಂದಲೇ ಹೊರಡುವ ಸ್ವರ್ಣ ಜಯಂತಿ ವಾರಕ್ಕೊಮ್ಮೆ ಹಜ್ರತ್ ನಿಜಾಮುದ್ದೀನ್‌ಗೆ ಇದೆ. ಯಶವಂತಪುರದಿಂದ ಚಂಡೀಗಢಕ್ಕೇ ಹೋಗುವ ಸಂಪರ್ಕ ಕ್ರಾಂತಿ ವಾರಕ್ಕೆರಡು ದಿನ ಇದೆ. ರೈಲಿಗೆ ಹೋಗಿಬರಲು ನಾಲ್ಕೈದು ದಿನ ಹೆಚ್ಚಿಗೆ ಸೇರಿಸಿಕೊಳ್ಳಿ. ರಿಸರ್ವೇಶನ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ, 2024ರ ನವೆಂಬರಿಗೆ ಮೊದಲಿದ್ದ 120 ದಿನದ ಲೆಕ್ಕದಲ್ಲಿ ಕೂರಬೇಡಿ. ಸ್ವಂತ ಕಾರು ತೆಗೆದುಕೊಂಡು ಹೋಗುವವರಿಗೆ ಚಂಡೀಗಢ ಮುಟ್ಟುವುದಕ್ಕೇ 2,500 ಕಿ.ಮೀ. ದಾಟುತ್ತದೆ. ಮೂರು ವಾರ ರಜೆ ಇದ್ದರಷ್ಟೇ ಆ ಯೋಚನೆ.

ನಾಲ್ಕನೆಯದು ಚಳಿ, ಐದನೆಯದು ಖರ್ಚು. ಅವೆರಡನ್ನೂ ಆಯಾ ಕಾಲದ ಜೊತೆಗೇ ನೋಡೋಣ.

ಏಪ್ರಿಲ್–ಮೇ: ಮಕ್ಕಳ ರಜೆಗೆ ಹೊಂದುವ ವಸಂತ

ಈ ಕಾಲದ ದೊಡ್ಡ ಗುಣ ಕ್ಯಾಲೆಂಡರ್. ಮಕ್ಕಳಿಗೆ ರಜೆ, ಮೇಷ್ಟ್ರುಗಳಿಗೂ ರಜೆ. ದೊಡ್ಡ ದೋಷ, ಹೋದ ದಾರಿಯಲ್ಲೇ ವಾಪಸ್ ಬರಬೇಕು. ಕಾಜಾದಿಂದ ಚಂಡೀಗಢಕ್ಕೆ ಕಿನ್ನೌರ್ ಮೇಲೆ 550 ಕಿ.ಮೀ. ಆಗುತ್ತದೆ. ಗುಡ್ಡದ ರಸ್ತೆಯಲ್ಲಿ ಅದು ಎರಡು ಪೂರ್ತಿ ದಿನ, ಮಕ್ಕಳಿದ್ದರೆ ಮೂರು.

ಏಪ್ರಿಲ್ ಮತ್ತು ಮೇ ಒಂದೇ ಅಲ್ಲ. ಏಪ್ರಿಲ್ ಎರಡನೇ ಅರ್ಧದಲ್ಲಿ ಕಿನ್ನೌರಿನ ಸೇಬಿನ ತೋಟಗಳು ಹೂ ಬಿಡುತ್ತವೆ, ಟಾಬೊ ಸುತ್ತಲ ಏಪ್ರಿಕಾಟ್ ಮರಗಳು ಎಲೆ ಬರುವ ಮೊದಲೇ ಹೂ ಬಿಡುತ್ತವೆ. ಬೂದಿ ಬಣ್ಣದ ಬೋಳು ಗುಡ್ಡ, ಅದರ ಮುಂದೆ ತಿಳಿಗುಲಾಬಿ ಮರ, ಹಿಂದೆ ಕ್ರಿ.ಶ. 996ರಲ್ಲಿ ಸ್ಥಾಪನೆಯಾದ ಟಾಬೊ ಗೊಂಪಾದ ಮಣ್ಣಿನ ಗೋಡೆ. ಇದು ವರ್ಷದಲ್ಲಿ ಎರಡು ವಾರ ಸಿಕ್ಕರೆ ಹೆಚ್ಚು. ಆದರೆ ಆಗ ಲಾಂಗ್ಜಾ, ಕೋಮಿಕ್ ಕಡೆ ಹಿಮ ಇನ್ನೂ ಗಟ್ಟಿಯಾಗಿರುತ್ತದೆ, ಪಿನ್ ಕಣಿವೆಯ ಕೊನೆಯ ಊರು ಮುದ್‌ವರೆಗೆ ರಸ್ತೆ ಬಿಟ್ಟಿರುತ್ತದೆಂಬ ಭರವಸೆ ಇಲ್ಲ. ಕಾಜಾದಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ. ಮೇನಲ್ಲಿ ಮೇಲಿನ ಊರುಗಳ ರಸ್ತೆ ತೆರೆಯುತ್ತದೆ, ಹೊಲದಲ್ಲಿ ಬಾರ್ಲಿ, ಬಟಾಣಿ ಬಿತ್ತನೆ ನಡೆಯುತ್ತಿರುತ್ತದೆ. ಹೂ ಮುಗಿದಿರುತ್ತದೆ, ಹಸಿರು ಇನ್ನೂ ಬಂದಿರುವುದಿಲ್ಲ. ಜೊತೆಗೆ ದೆಹಲಿ, ಪಂಜಾಬಿನವರೆಲ್ಲ ಬಿಸಿಲಿಗೆ ಹೆದರಿ ಶಿಮ್ಲಾಗೆ ಬಂದು ಕೂತಿರುತ್ತಾರೆ. ವಾರಾಂತ್ಯದಲ್ಲಿ ಶಿಮ್ಲಾ ದಾಟುವುದಕ್ಕೇ ಅರ್ಧ ದಿನ ಬೇಕು, ಹೋಟೆಲ್ ಬಾಡಿಗೆ ಕೇಳಿದರೆ ದಸರಾದಲ್ಲಿ ನಮ್ಮೂರಿನ ಲಾಡ್ಜುಗಳೇ ವಾಸಿ ಅನ್ನಿಸುತ್ತದೆ. ಶಿಮ್ಲಾದಲ್ಲಿ ಉಳಿಯದೆ ನೇರ ನಾರ್ಕಂಡಕ್ಕೆ ಹೋಗಿ ಮಲಗಿ. ಎತ್ತರಕ್ಕೆ ಹೊಂದಿಕೊಳ್ಳಲೂ ಅದೇ ಒಳ್ಳೆಯದು.

ಈ ಕಾಲದಲ್ಲಿ ಕೆಡುವುದು ಹೇಗೆ? ಹಗಲಲ್ಲಿ ಕರಗಿದ ನೀರು ಬಂಡೆಯ ಬಿರುಕಿಗೆ ಇಳಿದು, ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ, ಮರುದಿನ ಬಿಸಿಲಿಗೆ ಸಡಿಲಾಗಿ ಕಲ್ಲು ಉರುಳುತ್ತದೆ. ಹೆಚ್ಚಿನ ಕಲ್ಲು ಬೀಳುವುದು ಮಧ್ಯಾಹ್ನದ ಮೇಲೆ. ಪೂಹ್, ನಾಕೊ ನಡುವಿನ ಹಾದಿಯನ್ನು ಬೆಳಿಗ್ಗೆಯೇ ದಾಟಿಬಿಡಿ. ಕಲ್ಲು ಬೀಳುವ ಜಾಗದಲ್ಲಿ ಫೋಟೊಗೆ ಗಾಡಿ ನಿಲ್ಲಿಸಬೇಡಿ.

ಮಕ್ಕಳ ರಜೆ ಬಿಟ್ಟರೆ ಬೇರೆ ದಾರಿಯೇ ಇಲ್ಲದ ಕುಟುಂಬಕ್ಕೆ ಏಪ್ರಿಲ್ 18ರಿಂದ 30ರ ನಡುವಿನ ಹತ್ತು ಹನ್ನೆರಡು ದಿನ ನಮ್ಮ ಆಯ್ಕೆ, ಮೇ ಅಲ್ಲ. ಕಿನ್ನೌರಿಗೆ ಹೆಚ್ಚು ದಿನ ಕೊಡಿ: ಸಾಂಗ್ಲಾ, ಚಿಟ್ಕುಲ್, ಕಲ್ಪಾ. ಸ್ಪಿತಿಯಲ್ಲಿ ಟಾಬೊ, ಧನಕರ್, ಕಾಜಾ, ಕೀ ಇಷ್ಟಕ್ಕೆ ತೃಪ್ತಿಪಡಿ. ಚಂದ್ರತಾಲ್ ಹೆಸರು ಎತ್ತಬೇಡಿ.

ಜೂನ್–ಆಗಸ್ಟ್: ಎರಡು ಬೇಸಿಗೆ

ಇದನ್ನು ಎಲ್ಲರೂ ಒಂದೇ ಸೀಸನ್ ಅನ್ನುತ್ತಾರೆ. ಎರಡು ಅನ್ನುವುದು ಸರಿ. ಜೂನ್ 15ರಿಂದ ಜುಲೈ ಮೊದಲ ವಾರದವರೆಗೆ ಒಂದು, ಆಮೇಲಿನದು ಇನ್ನೊಂದು.

ಮೊದಲನೆಯದರಲ್ಲಿ ಕುಂಜುಮ್ ಸಾಮಾನ್ಯವಾಗಿ ತೆರೆದಿರುತ್ತದೆ, ಮಳೆ ಇನ್ನೂ ಹಿಮಾಚಲ ಮುಟ್ಟಿರುವುದಿಲ್ಲ ಅಥವಾ ಈಗಷ್ಟೇ ಮುಟ್ಟಿರುತ್ತದೆ. ಕಿನ್ನೌರ್ ಮೇಲೆ ಹತ್ತಿ ಮನಾಲಿಗೆ ಇಳಿದು ಪೂರ್ತಿ ಸುತ್ತು ಹಾಕಬಹುದು. ಕಾಜಾದಲ್ಲಿ ಹಗಲು ನಮ್ಮ ಡಿಸೆಂಬರಿನ ಬೆಳಗಿನ ಹಾಗೆ ತಂಪು, ಒಂದು ಸ್ವೆಟರ್ ಸಾಕು. ಗ್ರಾಂಫೂದಿಂದ ಬಾತಲ್‌ವರೆಗಿನ ಹಾದಿಗೆ ಮಾತ್ರ ಗಟ್ಟಿ ಮನಸ್ಸು ಬೇಕು. ಅಲ್ಲಿ ರಸ್ತೆಗಿಂತ ಕಲ್ಲೇ ಹೆಚ್ಚು, ಅಡ್ಡಲಾಗಿ ಹರಿಯುವ ಹಳ್ಳಗಳು ಬೇರೆ. ಆ ಹಳ್ಳಗಳ ನೀರು ಹಿಮನದಿಯಿಂದ ಬರುವಂಥದ್ದು. ಬೆಳಿಗ್ಗೆ ಎಂಟಕ್ಕೆ ಪಾದ ಮುಳುಗುವಷ್ಟಿದ್ದ ಹಳ್ಳ, ಬಿಸಿಲೇರಿ ಮೇಲೆ ಹಿಮ ಕರಗಿದಂತೆ ಮಧ್ಯಾಹ್ನ ಮೂರಕ್ಕೆ ಮೊಣಕಾಲು ಮುಟ್ಟಿ, ಒಳಗಿನ ಗುಂಡುಕಲ್ಲು ಉರುಳಿಸಿಕೊಂಡು ಹೋಗುತ್ತಿರುತ್ತದೆ. ಕಾಜಾ ಕಡೆಯಿಂದ ಹೊರಡುವವರು ಬೆಳಿಗ್ಗೆ ಐದೂವರೆಗೇ ಹೊರಡಬೇಕು. ಚಂದ್ರತಾಲ್‌ನಲ್ಲಿ ಒಂದು ರಾತ್ರಿ ಉಳಿದು ಅಲ್ಲಿಂದ ಬೆಳಿಗ್ಗೆ ಬಿಟ್ಟರಂತೂ ಇನ್ನೂ ಒಳ್ಳೆಯದು. ಡೇರೆಗಳು ಕೆರೆಯ ದಂಡೆಯಲ್ಲಿ ಇರುವುದಿಲ್ಲ, ಕೆಲವು ಕಿಲೋಮೀಟರ್ ದೂರದಲ್ಲಿರುತ್ತವೆ. “ಕೆರೆ ಪಕ್ಕದಲ್ಲೇ ಟೆಂಟ್” ಅಂದವರನ್ನು ನಂಬಬೇಡಿ, ಅಲ್ಲಿ ಹಾಕುವುದು ನಿಷಿದ್ಧ.

ಇನ್ನು ಜುಲೈ–ಆಗಸ್ಟ್. ಸ್ಪಿತಿ ಮಳೆನೆರಳಿನ ಪ್ರದೇಶ, ಮುಂಗಾರು ಅಲ್ಲಿಗೆ ಅಷ್ಟಾಗಿ ತಲುಪುವುದಿಲ್ಲ. ಕಾಜಾದಲ್ಲಿ ಬಿಸಿಲಿರುತ್ತದೆ, ಬಟಾಣಿ ಹೊಲ ಹಸಿರಾಗಿ ನಿಂತಿರುತ್ತದೆ, ಕೀ, ಕಿಬ್ಬರ್, ಚಿಚಮ್ ಸೇತುವೆ ಎಲ್ಲ ಮುಟ್ಟಬಹುದು. ತೊಂದರೆ ಊರಿನಲ್ಲಲ್ಲ, ಊರು ಮುಟ್ಟಿಸುವ ದಾರಿಯಲ್ಲಿ. ಕುಲ್ಲು ಮತ್ತು ಕಿನ್ನೌರಿನ ಗುಡ್ಡಗಳು ಮಳೆಗೆ ಜರಿಯುತ್ತವೆ. 2021ರ ಜುಲೈನಲ್ಲಿ ಸಾಂಗ್ಲಾ ಕಣಿವೆಯ ಬಟ್ಸೇರಿ ಬಳಿ ಉರುಳಿದ ಬಂಡೆ ಪ್ರವಾಸಿಗರನ್ನು ಬಲಿ ತೆಗೆದುಕೊಂಡಿತು. ಅದೇ ಆಗಸ್ಟಿನಲ್ಲಿ ನಿಗುಲ್ಸರಿ ಬಳಿ ಗುಡ್ಡ ಜರಿದು ಬಸ್ಸೇ ಹೂತುಹೋಯಿತು. 2023ರ ಜುಲೈ ಎರಡನೇ ವಾರ ಮನಾಲಿ ಕಡೆ ಪ್ರವಾಹ ಬಂದಾಗ, ಚಂದ್ರತಾಲ್‌ನಲ್ಲಿ ಹಿಮ ಬಿದ್ದು ಸುಮಾರು 300 ಜನ ದಿನಗಟ್ಟಲೆ ಡೇರೆಗಳಲ್ಲಿ ಸಿಕ್ಕಿಕೊಂಡಿದ್ದರು. ವಾಪಸಿನ ವಿಮಾನ ಟಿಕೆಟ್ ಇಂಥದೇ ದಿನ ಎಂದು ಕಟ್ಟಿಹಾಕಿಕೊಂಡವರಿಗೆ ಈ ಕಾಲ ಬೇಡವೇ ಬೇಡ. ಮೂರು ದಿನ ಹೆಚ್ಚಿಗೆ ಇಟ್ಟುಕೊಳ್ಳಲು ಆಗುವವರಿಗೆ, ಒಬ್ಬಂಟಿಯಾಗಿ ಬಸ್ಸಿನಲ್ಲಿ ತಿರುಗುವವರಿಗೆ ಪರವಾಗಿಲ್ಲ. ಜನ ಕಡಿಮೆ, ರೂಮು ಅಗ್ಗ.

ಕೆಲಸಕ್ಕೆ ಹೋಗುವ, ಮಕ್ಕಳ ಚಿಂತೆಯಿಲ್ಲದ, ಇಪ್ಪತ್ತು ಮೂವತ್ತರ ಹರೆಯದವರು ಜೂನ್ ಎರಡನೇ ಅರ್ಧವನ್ನು ಕಣ್ಣು ಮುಚ್ಚಿ ಹಿಡಿಯಬಹುದು. ಖರ್ಚು ಇಳಿಸಬೇಕೆಂದರೆ ಇದೇ ಕಾಲ. ಚಂಡೀಗಢದ ಸೆಕ್ಟರ್ 43ರ ನಿಲ್ದಾಣದಿಂದ ಹಿಮಾಚಲದ ಸರ್ಕಾರಿ ಬಸ್ಸು, ರೆಕಾಂಗ್ ಪಿಯೊದಿಂದ ಬೆಳಗಿನ ಕಾಜಾ ಬಸ್ಸು, ಕಾಜಾದಿಂದ ಬೆಳಗಿನ ಮನಾಲಿ ಬಸ್ಸು. ಪಿಯೊದಿಂದ ಕಾಜಾಗೆ ಇಡೀ ಹಗಲು ಹಿಡಿಯುತ್ತದೆ. ಹಿಂದಿನ ರಾತ್ರಿಯೇ ಪಿಯೊದಲ್ಲಿ ಉಳಿದು, ಬೆಳಿಗ್ಗೆ ಬೇಗ ನಿಲ್ದಾಣಕ್ಕೆ ಹೋಗಿ ಸೀಟು ಹಿಡಿಯಿರಿ.

ಸೆಪ್ಟೆಂಬರ್–ಅಕ್ಟೋಬರ್: ದಸರಾ ಬಿಟ್ಟು ಹೋಗೋದಾ?

ಒಂದೇ ಒಂದು ಕಾಲ ಆರಿಸಿ ಎಂದರೆ ಇದು. ಸೆಪ್ಟೆಂಬರ್ ಎರಡನೇ ವಾರ ದಾಟಿದ ಮೇಲೆ ಮಳೆ ಹಿಂದೆ ಸರಿಯುತ್ತದೆ, ಗುಡ್ಡ ಒಣಗಿ ಗಟ್ಟಿಯಾಗುತ್ತದೆ, ಹಳ್ಳಗಳಲ್ಲಿ ನೀರು ಇಳಿಯುತ್ತದೆ, ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಎರಡೂ ದಾರಿ ತೆರೆದಿರುತ್ತವೆ. ಕಿನ್ನೌರಿನಲ್ಲಿ ಸೇಬು ಕೊಯ್ಲು, ರಸ್ತೆಬದಿಯಲ್ಲೇ ಪೆಟ್ಟಿಗೆ ತುಂಬುತ್ತಿರುತ್ತಾರೆ. ಅಕ್ಟೋಬರಿಗೆ ನದಿದಂಡೆಯ ಮರಗಳೆಲ್ಲ ಅರಿಶಿನ ಬಣ್ಣಕ್ಕೆ ತಿರುಗುತ್ತವೆ. ಹಗಲು ಹಿತ. ರಾತ್ರಿ ಮಾತ್ರ ಸೆಪ್ಟೆಂಬರ್ ಕೊನೆಯಿಂದಲೇ ಸೊನ್ನೆಯ ಹತ್ತಿರ ಇಳಿಯುತ್ತದೆ.

ನಮ್ಮ ಶಾಲೆಗಳ ದಸರಾ ರಜೆ ಬೀಳುವುದೂ ಇಲ್ಲೇ. ಆದರೆ ಒಂದು ಸೂಕ್ಷ್ಮ ಇದೆ. ದಸರಾ ಪ್ರತಿ ವರ್ಷ ಜಾರುತ್ತದೆ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೇ ಬಂತು. ಅಧಿಕ ಮಾಸ ಇದ್ದ 2023ರಲ್ಲಿ ಅಕ್ಟೋಬರ್ 24ಕ್ಕೆ ಹೋಯಿತು. ನಮಗೆ ಮೂರು ವಾರದ ವ್ಯತ್ಯಾಸ ಅಂದರೆ ಏನೂ ಅಲ್ಲ, ಕುಂಜುಮ್‌ಗೆ ಅದೇ ಎಲ್ಲ. ದಸರಾ ಬೇಗ ಬಂದ ವರ್ಷ ಪೂರ್ತಿ ಸುತ್ತು ಹಾಕಬಹುದು, ಚಂದ್ರತಾಲ್ ಕೂಡ ಸಿಗುತ್ತದೆ. ತಡವಾಗಿ ಬಂದ ವರ್ಷ ಅಕ್ಟೋಬರ್ ಮಧ್ಯಕ್ಕೇ ಅಲ್ಲಿನ ಡೇರೆಗಳನ್ನು ಕಿತ್ತಿರುತ್ತಾರೆ, ಘಾಟಿಯಲ್ಲಿ ಒಂದು ರಾತ್ರಿಯ ಹಿಮಕ್ಕೇ ದಾರಿ ನಿಲ್ಲಬಹುದು. ಆ ವರ್ಷ ಹೋಗುವುದೂ ಬರುವುದೂ ಕಿನ್ನೌರ್ ಮೇಲೆಯೇ ಎಂದು ಲೆಕ್ಕ ಹಾಕಿ ಹೊರಡಿ. ಮನಾಲಿ ದಾರಿ ತೆರೆದಿದ್ದರೆ ಅದು ಲಾಭ. ಪಂಚಾಂಗ ನೋಡಿ ಟಿಕೆಟ್ ತೆಗೆಯಿರಿ ಎಂದರೆ ತಮಾಷೆಯಲ್ಲ.

ಜಂಬೂ ಸವಾರಿ ತಪ್ಪಿಸಿಕೊಳ್ಳಲು ಮನಸ್ಸಿಲ್ಲದವರಿಗೂ ಒಂದು ಉಪಾಯ ಇದೆ. ಮೈಸೂರಿನ ದಸರಾ ಮುಗಿಯುವ ವಿಜಯದಶಮಿಯ ದಿನವೇ ಕುಲ್ಲುವಿನ ದಸರಾ ಶುರುವಾಗುವುದು. ಢಾಲ್‌ಪುರ ಮೈದಾನದಲ್ಲಿ ರಘುನಾಥನ ತೇರು, ಸುತ್ತಲ ಹಳ್ಳಿಗಳಿಂದ ಪಲ್ಲಕ್ಕಿಯಲ್ಲಿ ಬಂದ ದೇವರುಗಳು, ಹೀಗೆ ಏಳು ದಿನ. ಇಲ್ಲಿ ಅಂಬಾರಿ ನೋಡಿ ಮರುದಿನ ಹೊರಟರೂ ಅಲ್ಲಿಯದು ಸಿಗುತ್ತದೆ. ಆಗ ಸ್ಪಿತಿಗೆ ಸಮಯ ಸಾಲದು, ಕುಲ್ಲು ಮತ್ತು ಅಟಲ್ ಸುರಂಗ ದಾಟಿ ಲಾಹೌಲ್‌ನ ಹಳ್ಳಿಗಳು ಇಷ್ಟಕ್ಕೆ ಎಂಟು ದಿನ ಸಾಕು. ಕುಲ್ಲುವಿನಲ್ಲಿ ಆ ವಾರ ರೂಮು ಸಿಗುವುದು ಮೈಸೂರಿನಲ್ಲಿ ದಸರಾ ವಾರ ರೂಮು ಸಿಕ್ಕಷ್ಟೇ ಸುಲಭ. ಎರಡು ತಿಂಗಳು ಮೊದಲೇ ಮಾಡಿಸಿಡಿ.

ಮಂಡ್ಯ ಕಡೆಯ ರೈತರಿಗೂ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು ಹೊಂದುತ್ತದೆ. ನಾಟಿ ಮುಗಿದು, ಕಳೆ ತೆಗೆದು, ಮೇಲುಗೊಬ್ಬರ ಕೊಟ್ಟಾಗಿರುತ್ತದೆ, ಕೊಯ್ಲಿಗೆ ಇನ್ನೂ ಸಮಯ ಇರುತ್ತದೆ. ನೋಡಲು ಅವರಿಗೆ ಇನ್ನೊಂದು ವಿಷಯವೂ ಇದೆ: ಕೂಲ್. ಹಿಮನದಿಯ ಕರಗಿದ ನೀರನ್ನು ಕಿಲೋಮೀಟರ್‌ಗಟ್ಟಲೆ ಗುಡ್ಡದ ಸೊಂಟಕ್ಕೆ ಕಾಲುವೆ ಕೊರೆದು ಊರಿಗೆ ತರುತ್ತಾರೆ, ಸರದಿಯ ಮೇಲೆ ಹಂಚಿಕೊಳ್ಳುತ್ತಾರೆ. ವಿ.ಸಿ. ನಾಲೆಯ ಕೊನೆ ಭಾಗದವರ ಜಗಳ ಕಂಡವರಿಗೆ ಆ ಸರದಿ ತಕ್ಷಣ ಅರ್ಥವಾಗುತ್ತದೆ. ಚಳಿಗಾಲದಲ್ಲಿ ಹಿಮ ಕಡಿಮೆ ಬಿದ್ದರೆ ಬೇಸಿಗೆಗೆ ಕೂಲ್ ಒಣಗುತ್ತದೆ, ಕನ್ನಂಬಾಡಿ ತುಂಬದ ವರ್ಷ ನಮಗಾದ ಹಾಗೆ.

ಈ ಕಾಲದ ದೋಷ ಎಂದರೆ ವಿಮಾನ ದರ. ದಸರಾ, ದೀಪಾವಳಿ ನಡುವೆ ಬೆಂಗಳೂರಿನಿಂದ ಯಾವ ಕಡೆಗೂ ಅಗ್ಗ ಇರುವುದಿಲ್ಲ.

ನವೆಂಬರಿನಿಂದ ಮಾರ್ಚ್: ಹಿಮ ಬೇಕು ಅನ್ನುವವರಿಗೆ

ನವೆಂಬರ್, ಡಿಸೆಂಬರ್ ಮೊದಲರ್ಧ ಬಿಟ್ಟುಬಿಡಿ. ಎಲೆ ಉದುರಿರುತ್ತದೆ, ಹಿಮ ಸರಿಯಾಗಿ ಬಿದ್ದಿರುವುದಿಲ್ಲ, ಬಹುಪಾಲು ಹೋಟೆಲಿನವರು ಪೈಪಿನ ನೀರು ಖಾಲಿ ಮಾಡಿ ಬೀಗ ಹಾಕಿ ಕೆಳಗಿಳಿದಿರುತ್ತಾರೆ.

ಜನವರಿಯಿಂದ ಮಾರ್ಚ್ ಆರಂಭದವರೆಗಿನದು ಬೇರೆಯೇ ಲೋಕ. ಕಾಜಾದಲ್ಲಿ ರಾತ್ರಿ ಮೈನಸ್ 20, ಮೇಲಿನ ಊರುಗಳಲ್ಲಿ ಅದಕ್ಕೂ ಕೆಳಗೆ. ಕಿಬ್ಬರ್ ಸುತ್ತ ಹಿಮಚಿರತೆ ನೋಡಲು ಜಗತ್ತಿನ ಬೇರೆ ಬೇರೆ ಕಡೆಯಿಂದ ಜನ ಬರುವುದು ಈಗಲೇ. ಹಿಮ ಹೆಚ್ಚಾದಾಗ ಐಬೆಕ್ಸ್ ಎಂಬ ಕಾಡುಮೇಕೆಗಳು, ನೀಲಿ ಕುರಿಗಳು ಕೆಳಗಿಳಿಯುತ್ತವೆ, ಅವುಗಳ ಹಿಂದೆಯೇ ಚಿರತೆ ಇಳಿಯುತ್ತದೆ. ಆದರೂ ನೋಡೇ ನೋಡುತ್ತೇವೆ ಅನ್ನುವುದು ಕಬಿನಿಯಲ್ಲಿ ಕರಿಚಿರತೆ ಸಿಕ್ಕೇ ಸಿಗುತ್ತದೆ ಅಂದ ಹಾಗೆ. ಕಿಬ್ಬರ್‌ನಲ್ಲೇ ಐದಾರು ದಿನ ಇರಲು ಆಗುವವರಿಗೆ, ಊರಿನ ಅನುಭವಿ ಜಾಡುಗಾರರನ್ನು ಇಟ್ಟುಕೊಳ್ಳುವವರಿಗೆ ಮಾತ್ರ ಅವಕಾಶ ಇದೆ.

ಉಳಿಯುವುದು ಹೋಂಸ್ಟೇಯಲ್ಲಿ. ನಲ್ಲಿ ಹೆಪ್ಪುಗಟ್ಟಿರುತ್ತದೆ, ಬಿಸಿನೀರು ಬಕೆಟ್ಟಿನಲ್ಲಿ ಬರುತ್ತದೆ, ಸ್ನಾನದ ಮಾತು ಮರೆತುಬಿಡಿ. ಇಡೀ ಮನೆ ನಡುಮನೆಯ ತಂದೂರಿ ಒಲೆಯ ಸುತ್ತಲೇ ಬದುಕುತ್ತದೆ, ಹೊಗೆ ಕೊಳವೆಯಲ್ಲಿ ಮೇಲೆ ಹೋಗುತ್ತದೆ. ಶೌಚಾಲಯ ಒಣ ಬಗೆಯದು. ಮಹಡಿಯ ಒಂದು ಚಿಕ್ಕ ಕೋಣೆ, ನೆಲದಲ್ಲಿ ಚೌಕದ ತೂತು, ಮೂಲೆಯಲ್ಲಿ ಒಣಮಣ್ಣಿನ ರಾಶಿ, ಅದಕ್ಕೊಂದು ಸಲಿಕೆ. ಮುಗಿದ ಮೇಲೆ ಒಂದು ಸಲಿಕೆ ಮಣ್ಣು ತೂತಿಗೆ ತಳ್ಳಬೇಕು, ನೀರು ಸುರಿಯಬಾರದು. ನೀರು ಬಿದ್ದರೆ ಕೆಳಗೆ ಹೆಪ್ಪುಗಟ್ಟುತ್ತದೆ, ವಾಸನೆಯೂ ಬರುತ್ತದೆ. ವಸಂತಕ್ಕೆ ಅದೇ ಹೊಲಕ್ಕೆ ಗೊಬ್ಬರ. ತಿಪ್ಪೆಯ ಬೆಲೆ ಗೊತ್ತಿರುವವರಿಗೆ ಇದು ವಿಚಿತ್ರ ಅನ್ನಿಸದು. ಆದರೆ ಮೊಣಕಾಲು ನೋವಿನ ಹಿರಿಯರನ್ನು ಕರೆದುಕೊಂಡು ಹೋಗುವ ಮುಂಚೆ ಈ ಒಂದು ಸಂಗತಿ ಯೋಚಿಸಿ.

ರೂಮಿನೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಬಾಗಿಲು ಕಿಟಕಿ ಮುಚ್ಚಿ ಮಲಗಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಎಚ್ಚರವೇ ಆಗುವುದಿಲ್ಲ.

ಖರ್ಚಿನ ಲೆಕ್ಕ ಇಲ್ಲಿ ತಲೆಕೆಳಗು. ರೂಮು ಖಾಲಿ ಇದ್ದರೂ ಸೌದೆ, ಕಾವಿಗೆ ದುಡ್ಡು ಸೇರುತ್ತದೆ, ಚೈನ್ ಇರುವ ಫೋರ್ ಬೈ ಫೋರ್ ಗಾಡಿಯೇ ಬೇಕು. ಅದಕ್ಕಿಂತ ಹೆಚ್ಚಾಗಿ ಬಟ್ಟೆಯ ಖರ್ಚು. ಮೈಸೂರಿನ ಡಿಸೆಂಬರ್ ಸ್ವೆಟರ್ ಅಲ್ಲಿ ಬನಿಯನ್ನಿಗೆ ಸಮ. ಮೈಗಂಟುವ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ದಪ್ಪ ಡೌನ್ ಜಾಕೆಟ್, ಎರಡು ಪದರದ ಕೈಗವಸು, ಉಣ್ಣೆಯ ಕಾಲುಚೀಲ, ಒಂದು ಸೈಜ್ ದೊಡ್ಡದಾದ ಬೂಟು. ಬೂಟು ಬಿಗಿಯಾದರೆ ರಕ್ತ ಓಡದೆ ಬೆರಳು ಮರಗಟ್ಟುತ್ತದೆ. ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಆದ್ದರಿಂದ ಒಳಪದರಕ್ಕೆ ಹತ್ತಿ ಬೇಡ. ಫೋನಿನ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಡಿ.

ಸ್ವಂತ ಗಾಡಿಯವರಿಗೆ ಒಂದು ಮಾತು. ನಮ್ಮ ಕಡೆ ಕೂಲೆಂಟ್ ಕಡಿಮೆಯಾದಾಗ ನಲ್ಲಿ ನೀರು ಹಾಕಿ ಸರಿ ಮಾಡುವವರು ಬಹಳ. ಆ ನೀರು ಅಲ್ಲಿ ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ ರೇಡಿಯೇಟರ್, ಕೆಲವೊಮ್ಮೆ ಎಂಜಿನ್ ಬ್ಲಾಕ್ ಸೀಳುತ್ತದೆ. ಅಕ್ಟೋಬರ್ ಪ್ರವಾಸಕ್ಕೂ ಪೂರ್ತಿ ಖಾಲಿ ಮಾಡಿಸಿ, ಅರ್ಧಕ್ಕರ್ಧ ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಹಾಕಿಸಿಕೊಂಡೇ ಹೊರಡಿ. ಚಳಿಗಾಲದಲ್ಲಿ ಮಾಮೂಲಿ ಡೀಸೆಲ್ ಮೇಣದ ಹಾಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಅದಕ್ಕೇ ಕೆಳಗಿನಿಂದ ತುಂಬಿಸಿಕೊಂಡು ಬಂದ ಡೀಸೆಲ್ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗದೆ ನಿಲ್ಲುವುದು. ಸ್ಥಳೀಯ ಗಾಡಿ, ಸ್ಥಳೀಯ ಡ್ರೈವರ್, ಚಳಿಗಾಲಕ್ಕೆ ಬೇರೆ ಯೋಚನೆಯೇ ಬೇಡ. ಬೇರೆ ಕಾಲದಲ್ಲೂ ಪೆಟ್ರೋಲ್ ಬಂಕ್ ಎಂದು ಇರುವುದು ಕಾಜಾದಲ್ಲಿ, ಅದು ಬಿಟ್ಟರೆ ಪಿಯೊ ಬಳಿಯ ಪೊವಾರಿ. ಕಂಡಲ್ಲಿ ತುಂಬಿಸಿ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ

ಅರವತ್ತು ದಾಟಿದವರು, ಬಿಪಿ, ಹೃದಯದ ತೊಂದರೆ, ಅಸ್ತಮಾ ಇರುವವರು ಜೊತೆಗಿದ್ದರೆ ಕಾಲಕ್ಕಿಂತ ಎತ್ತರ ಮುಖ್ಯ. ಸ್ಪಿತಿ ಬಿಟ್ಟು ಕಿನ್ನೌರಿನಲ್ಲೇ ನಿಲ್ಲಿ. ಸಾಂಗ್ಲಾ, ಕಲ್ಪಾ ಎರಡೂ ಮೂರು ಸಾವಿರ ಮೀಟರಿನೊಳಗೆ. ಕಲ್ಪಾದ ವರಾಂಡದಲ್ಲಿ ಕೂತರೆ ಎದುರಿಗೇ ಕಿನ್ನರ ಕೈಲಾಸ, ಸಂಜೆಯ ಬಿಸಿಲಿಗೆ ತುದಿ ಕೆಂಪಾಗುವುದನ್ನು ಕಾಫಿ ಕುಡಿಯುತ್ತಾ ನೋಡಬಹುದು. ದಾರಿಯಲ್ಲಿ ಸರಾಹನ್‌ನ ಭೀಮಾಕಾಳಿ ಗುಡಿ ಸಿಗುತ್ತದೆ. ಕಾಲ್ಕಾದಿಂದ ಶಿಮ್ಲಾಗೆ 1903ರ ಪುಟಾಣಿ ರೈಲಿನಲ್ಲಿ 96 ಕಿ.ಮೀ. ಕೂರಿಸಿದರೆ ಅವರು ಅದನ್ನೇ ವರ್ಷವಿಡೀ ಹೇಳುತ್ತಾರೆ. ಏಪ್ರಿಲ್ ಕೊನೆ ಅಥವಾ ದಸರಾ ರಜೆ, ಎಂಟು ದಿನ ಸಾಕು.

ಮೇಲಕ್ಕೆ ಹೋಗುವವರು ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಊರಿನಲ್ಲೇ ಡಾಕ್ಟರನ್ನು ಕೇಳಿ. ವಾಡಿಕೆಯ ಪ್ರಮಾಣ 125 ಮಿ.ಗ್ರಾಂ. ದಿನಕ್ಕೆರಡು ಸಲ, ಎತ್ತರ ಏರುವ ಹಿಂದಿನ ದಿನದಿಂದ. ಸಲ್ಫಾ ಮದ್ದಿನ ಅಲರ್ಜಿ ಇದ್ದವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ಬೆರಳು ಜುಮುಜುಮು ಅನ್ನುವುದು, ಮೂತ್ರ ಹೆಚ್ಚಾಗುವುದು ಅದರ ಮಾಮೂಲಿ ಪರಿಣಾಮ. ಮೊದಲ ದಿನ ಕಾಜಾದಲ್ಲಿ ತಲೆನೋವು, ಹಸಿವಿಲ್ಲದಿರುವುದು ಬಹಳ ಜನರಿಗೆ ಆಗುತ್ತದೆ. ವಿಶ್ರಾಂತಿ ತೆಗೆದುಕೊಂಡು ನೀರು ಕುಡಿಯಿರಿ, ಅವತ್ತು ಇನ್ನೂ ಮೇಲಕ್ಕೆ ಹೋಗಬೇಡಿ. ತಲೆನೋವು ಹೆಚ್ಚುತ್ತಲೇ ಹೋದರೆ ಒಂದು ಪರೀಕ್ಷೆ ಮಾಡಿ: ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ, ಅಥವಾ ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಬೆಳಗಾಗಲಿ ಎಂದು ಕಾಯಬೇಡಿ. ಕಾಜಾದ ಸರ್ಕಾರಿ ಆಸ್ಪತ್ರೆ, ನಂತರ ಕೆಳಕ್ಕೆ, ಕಿನ್ನೌರ್ ಕಡೆಗೆ.

ಖರ್ಚು, ಊಟ

ಹೋಂಸ್ಟೇ ಒಬ್ಬರಿಗೆ ಎರಡು ಹೊತ್ತಿನ ಊಟ ಸೇರಿ ಸಾವಿರದಿಂದ ಸಾವಿರದೈನೂರು ಎಂದಿಟ್ಟುಕೊಳ್ಳಿ. ದೊಡ್ಡ ಖರ್ಚು ಗಾಡಿಯದು. ದಿನಕ್ಕೆ ಐದು ಸಾವಿರದ ಆಸುಪಾಸು ಅಂದರೂ ಒಂಬತ್ತು ದಿನಕ್ಕೆ 45,000. ಇಬ್ಬರೇ ಹೋದರೆ ತಲೆಗೆ 22,500, ಐದು ಜನ ಸೇರಿದರೆ 9,000. ಆದ್ದರಿಂದ ಅಗ್ಗದ ಕಾಲ ಹುಡುಕುವುದಕ್ಕಿಂತ ಇನ್ನೊಂದು ಕುಟುಂಬ ಹುಡುಕುವುದೇ ಹೆಚ್ಚು ಉಳಿಸುತ್ತದೆ. ಕಾಜಾದಲ್ಲಿ ಎಟಿಎಂ ಇದೆ, ಯಾವಾಗಲೂ ದುಡ್ಡು ಕೊಡುತ್ತದೆ ಎಂದಲ್ಲ. ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲದೆ ಫೋನ್ ಪೇ ನಡೆಯುವುದಿಲ್ಲ. ನಗದು ಒಯ್ಯಿರಿ.

ಊಟಕ್ಕೆ ಅನ್ನ, ಬೇಳೆ, ರೊಟ್ಟಿ, ತುಕ್ಪಾ, ಮೊಮೊ ಸಿಗುತ್ತದೆ, ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ಆ ಎತ್ತರದಲ್ಲಿ ನೀರು 88 ಡಿಗ್ರಿಯ ಹತ್ತಿರವೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಯಿಸಿದ ಅನ್ನ ಗಟ್ಟಿ ಉಳಿಯುತ್ತದೆ. ಅಲ್ಲಿಯವರ ತ್ಸಂಪಾ ಅಂದರೆ ಹುರಿದ ಬಾರ್ಲಿಯ ಹಿಟ್ಟು, ನಮ್ಮ ಹುರಿಹಿಟ್ಟಿನ ತಮ್ಮ. ಮನೆಯಿಂದ ಎರಡು ಕೆಜಿ ರಾಗಿ ಹುರಿಹಿಟ್ಟು, ಬೆಲ್ಲ ಕಟ್ಟಿಕೊಂಡು ಹೋದರೆ ಬಿಸಿನೀರು ಸಿಕ್ಕಲ್ಲೆಲ್ಲ ಮಕ್ಕಳ ಹೊಟ್ಟೆ ತುಂಬುತ್ತದೆ. ಉಪ್ಪು, ಬೆಣ್ಣೆ ಹಾಕಿದ ಟೀ ನಾಲಿಗೆಗೆ ಹಿಡಿಸುತ್ತದೋ ಇಲ್ಲವೋ ಎಂದು ತಿಳಿಯಲು ಹಿಮಾಲಯದವರೆಗೆ ಕಾಯಬೇಕಾಗಿಲ್ಲ. ಒಂದು ಭಾನುವಾರ ಬೈಲಕುಪ್ಪೆಗೆ ಹೋಗಿ ಒಂದು ಲೋಟ ಕುಡಿದು ಬನ್ನಿ. ಹಾಗೇ ನಾಮ್ಡ್ರೋಲಿಂಗ್ ಗುಡಿಯೊಳಗೂ ಒಂದು ಗಂಟೆ ಕೂತಿರಿ. ಪಿನ್ ಕಣಿವೆಯ ಕುಂಗ್ರಿ ಗೊಂಪಾ ಅದೇ ನ್ಯಿಂಗ್ಮಾ ಪಂಥದ್ದು, ಇಲ್ಲಿ ಗುರು ಪದ್ಮಸಂಭವನ ಮೂರ್ತಿ ಗುರುತು ಮಾಡಿಕೊಂಡವರಿಗೆ ಅಲ್ಲಿಯದೂ ಗುರುತು ಸಿಗುತ್ತದೆ.